ವಾಪಸ್ ಕರ್ಕೊಂಡು ಬಂದವರಿಗೆ ನಾನು ಕೊಟ್ಟ ಎರಡು ಸ್ಟಾರ್

1/7

ಮೊದಲನೇ ಫೋಟೋ ನೋಡಿ. ಒಂದು ಹಳ್ಳ, ಎರಡು ಬಂಡೆ, ಆಚೆ ದಡದಲ್ಲಿ ಹುಲ್ಲು, ಅಷ್ಟೇ. ಲೈಕ್ ಒತ್ತುವಂಥದ್ದು ಏನೂ ಇಲ್ಲ. ನೀರಿನ ಬಣ್ಣ ಮಾತ್ರ ಸ್ವಲ್ಪ ಗಮನಿಸಿ, ಹಾಲು ಕಮ್ಮಿ ಹಾಕಿದ ಟೀ ಥರ ಇದೆ.

ಹೋದ ಸೆಪ್ಟೆಂಬರಲ್ಲಿ ಕುದುರೆಮುಖದ ದಾರೀಲಿ ತೆಗೆದದ್ದು. ತುದಿಯ ಫೋಟೋ ಹಾಕು ಅಂತ ಆವಾಗಿಂದ ಕೇಳ್ತಾನೇ ಇದೀರ. ಹಾಕಿಲ್ಲ, ಯಾಕಂದ್ರೆ ಇಲ್ಲ. ಈ ಹಳ್ಳದ ಹತ್ರ ನಮ್ಮ ಗೈಡ್ ಅಣ್ಣ ನಿಂತರು. ನೀರು ನೋಡಿದ್ರು, ತಲೆ ಎತ್ತಿ ಮೇಲಿನ ಗುಡ್ಡ ನೋಡಿದ್ರು, ಒಂದು ಕೋಲು ತಗೊಂಡು ದಡದಲ್ಲಿ ಚುಚ್ಚಿ ನಿಲ್ಲಿಸಿದ್ರು. ಹತ್ತು ನಿಮಿಷ ಸುಮ್ನೆ ಕೂತ್ರು. ಆಮೇಲೆ ಕೋಲು ನೋಡಿ, "ಇವತ್ತಿಗೆ ಇಷ್ಟೇ. ತಿರುಗಿ" ಅಂದ್ರು.

ನಾವು ಹನ್ನೆರಡು ಜನ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಟಿಟಿಯಲ್ಲಿ ನಿದ್ದೆಗೆಟ್ಟು, ಕಳಸ, ಸಂಸೆ ದಾಟಿ, ಅಲ್ಲಿಂದ ಜೀಪಲ್ಲಿ ಮೂಳೆ ಮೂಳೆ ಅಲುಗಾಡಿಸ್ಕೊಂಡು ಮುಳ್ಳೋಡಿ ಮುಟ್ಟಿದವರು. ತಲೆಗೆ 3,900 ರೂಪಾಯಿ ಕೊಟ್ಟವರು. ಸಿಟ್ಟು ಬಾರದೆ ಇರುತ್ತಾ? ನಮ್ಮಲ್ಲಿ ಒಬ್ಬ ಮೊಬೈಲ್ ಎತ್ತಿ ತೋರಿಸಿದ, "ಅಣ್ಣ, ತುದಿಗೆ ಇನ್ನು ನಾಲ್ಕು ಕಿಲೋಮೀಟರ್ ಚಿಲ್ಲರೆ. ಮಳೆನೂ ಇಲ್ಲ ಇಲ್ಲಿ."

"ಇಲ್ಲಿ ಇಲ್ಲ ಮಾರಾಯ್ರೆ. ಮೇಲೆ ಇದೆ."

ತಿರುಗಿದ್ವಿ. ಬೈಕೊಂಡೇ ತಿರುಗಿದ್ವಿ. ನಿಜವಾದ ಕಷ್ಟ ಆಮೇಲೆ ಆಯ್ತು. ನಾವು ಒಂಟಿಮರ ದಾಟಿ ಕೆಳಗೆ ಬರೋ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು. ಒಳ್ಳೆ ಬಿಸಿಲು. ಹುಲ್ಲೆಲ್ಲ ಹೊಳೀತಿತ್ತು. ಏನೂ ಆಗಲಿಲ್ಲ ಯಾರಿಗೂ. ಆ ಬಿಸಿಲನ್ನ ನೋಡಿ ನನಗೆ ಬಂದ ಸಿಟ್ಟು ನನ್ನ ಜೀವನದಲ್ಲಿ ಯಾವ ಮಳೆ ನೋಡಿಯೂ ಬಂದಿಲ್ಲ.

ಟಿಟಿ ಹತ್ತುತ್ತಿದ್ದ ಹಾಗೇ ಟ್ರೆಕ್ ಕಂಪನಿಯ ಫಾರ್ಮ್ ಬಂತು. ಮೊದಲ ಪ್ರಶ್ನೆ: ನೀವು ತುದಿ ತಲುಪಿದಿರಾ? ಇಲ್ಲ. ಗೈಡ್‌ಗೆ ಎಷ್ಟು ಸ್ಟಾರ್? ಎರಡು. ಅದರ ಕೆಳಗೆ ನಾನೇ ನನ್ನ ಕೈಯಾರೆ ಬರೆದೆ, ಗೈಡ್ ಸುಮ್ಮನೆ ಹೆದರಿ ಗುಂಪನ್ನು ವಾಪಸ್ ಕರೆತಂದರು, ದುಡ್ಡು ದಂಡ ಅಂತ.

ಇಷ್ಟು ದಿನ ಈ ಪೇಜಲ್ಲಿ ಬೇರೆಯವರ ತಪ್ಪಿನ ಬಗ್ಗೆ ತುಂಬ ಬರೆದಿದೀನಿ. ಇದು ನಂದು.

2/7

ಮೊದಲು ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಬೆಟ್ಟದ ಗೈಡ್‌ಗೆ ನಾವು ದುಡ್ಡು ಕೊಡೋದು ದಾರಿ ತೋರಿಸೋದಕ್ಕೆ ಅಂತ ನಾವೆಲ್ಲ ತಿಳ್ಕೊಂಡಿದೀವಿ. ದಾರಿ ಈಗ ಮೊಬೈಲೇ ತೋರಿಸುತ್ತೆ. ದುಡ್ಡು ಕೊಡಬೇಕಾಗಿರೋದು "ಇವತ್ತು ಬೇಡ" ಅನ್ನೋ ಮಾತಿಗೆ. ಆ ಮಾತು ಹೇಳಿದವರಿಗೇ ಮಾರ್ಕು ಕಡಿಮೆ ಹಾಕೋ ಹಾಗೆ ನಾವು ಫಾರ್ಮ್ ಮಾಡ್ಕೊಂಡಿದೀವಿ.

"ಆ್ಯಪ್ ಇರುವಾಗ ಗೈಡ್ ಯಾಕೆ" ಅಂತ ಹೋದ ಸಲ ಒಬ್ಬರು ಕೇಳಿದ್ರಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಗೈಡ್ ಇಲ್ಲದೆ ಬಿಡಲ್ಲ, ಆ ಮಾತು ಪಕ್ಕಕ್ಕಿಡಿ. ನಿಜವಾಗ್ಲೂ ಬೇಕಾ ಅನ್ನೋದು ಪ್ರಶ್ನೆ. ನಾನೂ ಆ ದಿನ ಅದನ್ನೇ ಯೋಚಿಸಿದ್ದೆ. ನಮ್ಮ ಹುಡುಗನ ಮೊಬೈಲಲ್ಲಿ ಇದ್ದ ಗೆರೆ ಸುಳ್ಳಾಗಿರಲಿಲ್ಲ. ದೂರ ಸರಿ ಇತ್ತು, ಏರು ಸರಿ ಇತ್ತು. ಅದರಲ್ಲಿ ಆ ಹಳ್ಳವೂ ಇತ್ತು, ಒಂದು ಸಣ್ಣ ನೀಲಿ ಗೆರೆ. ಏಪ್ರಿಲಲ್ಲೂ ಅದು ಅದೇ ನೀಲಿ ಗೆರೆ, ಜುಲೈಯಲ್ಲೂ ಅದೇ ನೀಲಿ ಗೆರೆ.

ಆ ದಿನ ನಾನು ಇನ್ನೊಂದು ವಿಷಯ ಯೋಚನೇನೇ ಮಾಡಿರಲಿಲ್ಲ. ಹಳ್ಳ ದಾಟೋದು ಕಷ್ಟ ಇರಲಿಲ್ಲ, ಮೊಣಕಾಲಿಗಿಂತ ಕೆಳಗೇ ಇತ್ತು ನೀರು. ನಾವು ಅದನ್ನ ಎರಡು ಸಲ ದಾಟಬೇಕಿತ್ತು. ಒಂದು ಬೆಳಗ್ಗೆ ಹತ್ತಕ್ಕೆ, ಇನ್ನೊಂದು ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ, ಸುಸ್ತಾಗಿ, ಕಾಲು ನಡುಗ್ತಿರುವಾಗ. ಮೇಲೆ ಬಿದ್ದ ಮಳೆ ಕೆಳಗೆ ಬರೋಕೆ ಹೊತ್ತು ಹಿಡಿಯುತ್ತೆ. ಅದರ ಸುದ್ದಿ ಮೊದಲು ಬರೋದು ಬಣ್ಣದಲ್ಲಿ, ತೇಲಿ ಬರೋ ತರಗೆಲೆಯಲ್ಲಿ, ನೀರಿನ ಸದ್ದಲ್ಲಿ. ಆ ಚುಚ್ಚಿದ ಕೋಲು ಹತ್ತು ನಿಮಿಷದಲ್ಲಿ ಎರಡು ಬೆರಳು ಮುಳುಗಿತ್ತಂತೆ. ನಾವು ಹನ್ನೆರಡು ಜನ ಆ ಕೋಲಿನ ಪಕ್ಕದಲ್ಲೇ ಕೂತು ಚಿಕ್ಕಿ ತಿಂತಿದ್ವಿ. ಒಬ್ಬರೂ ನೋಡಿಲ್ಲ.

ಬಿಸಿಲು ಬಂತಲ್ಲ ಆಮೇಲೆ? ಬಂತು. ಹಾಗಾದ್ರೆ ಅವರು ಮಾಡಿದ್ದು ತಪ್ಪಾ? ನಂಗೂ ಇದು ತಲೆ ಕೆಡಿಸ್ತು. ಹೋಗಿದ್ರೆ ಬಹುಶಃ ಏನೂ ಆಗ್ತಿರಲಿಲ್ಲ. ಆ "ಬಹುಶಃ" ಅನ್ನೋದನ್ನ ಹನ್ನೆರಡು ಮಕ್ಕಳ ಅಪ್ಪ ಅಮ್ಮಂದಿರ ಪರವಾಗಿ ಹೊರಬೇಕಾದವರು ಅವರೊಬ್ಬರೇ ಆಗಿದ್ರು.

ನಮ್ಮ ತಿಪಟೂರಲ್ಲಿ ತೆಂಗಿನ ಮರ ಹತ್ತೋರು "ಮರ ನೆಂದಿದೆ, ಇವತ್ತು ಹತ್ತಲ್ಲ" ಅಂದ್ರೆ ಅಪ್ಪ ಎರಡನೇ ಮಾತು ಆಡಲ್ಲ. ಟೀ ಕುಡಿಸಿ ಕಳಿಸ್ತಾರೆ. ಅದನ್ನ ನೋಡ್ಕೊಂಡೇ ಬೆಳೆದವಳು ನಾನು. ಬೆಂಗಳೂರಿಗೆ ಬಂದು ಮೂರು ವರ್ಷದಲ್ಲಿ, ದುಡ್ಡು ಕೊಟ್ಟಿದೀನಿ ಅನ್ನೋ ಒಂದೇ ಕಾರಣಕ್ಕೆ, ಅದು ಮರೆತೇ ಹೋಗಿತ್ತು.

3/7

ಇದು ಗೊತ್ತಾಗಿದ್ದು ಹೇಗೆ ಅಂದ್ರೆ, ನವೆಂಬರಲ್ಲಿ ನನ್ನ ಫ್ರೆಂಡ್ ಒಬ್ಬಳು ಅದೇ ಅಣ್ಣನ ನಂಬರ್ ಕೇಳಿದ್ಲು. ಫೋನ್ ಮಾಡಿದೆ. ಅವರು ಮಾತಿನ ಮಧ್ಯೆ ಸಲೀಸಾಗಿ ಹೇಳಿದ್ರು, "ಈಗ ಆ ಕಂಪನಿಯವರು ನನ್ನ ಕರೆಯೋದಿಲ್ಲ ತಂಗಿ. ನಿಮ್ಮ ಗುಂಪಿನಿಂದ ಮಾರ್ಕು ಕಮ್ಮಿ ಬಂತಲ್ಲ." ಸಿಟ್ಟಿಲ್ಲ, ಕೊಂಕಿಲ್ಲ. ಸಂತೆಯಲ್ಲಿ ಸೌತೆಕಾಯಿ ರೇಟು ಹೇಳಿದ ಹಾಗೆ ಹೇಳಿದ್ರು. ಬರೆದವಳು ನಾನೇ ಅಂತ ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ.

ಡಿಸೆಂಬರಲ್ಲಿ ಹೋದ್ವಿ, ನಾವಿಬ್ಬರೇ. ಅವರ ಮನೇಲೇ ಎರಡು ರಾತ್ರಿ ಇದ್ವಿ. ಬಂದ ದಿನ ಸಂಜೆ ಬಚ್ಚಲ ಒಲೆ ಮುಂದೆ ಕೂತಾಗ ಹೇಳಿಬಿಟ್ಟೆ. ಅವರು ನಕ್ಕರು. "ಗೊತ್ತಿತ್ತು. 'ದುಡ್ಡು ದಂಡ' ಅಂತ ಕನ್ನಡದಲ್ಲಿ ಬರೆದದ್ದು ನೀವೊಬ್ಬರೇ. ಉಳಿದವರೆಲ್ಲ ಇಂಗ್ಲಿಷಲ್ಲಿ ಬೈದಿದ್ರು." ಅವರ ಹೆಂಡತಿ, ಅತ್ತಿಗೆ ಅಂತ ಕರೆದೆ ನಾನು, ಒಳಗಿಂದ ಒಂದು ಮಾತು ಹೇಳಿದ್ರು, "ಎರಡು ತಿಂಗಳು ಶನಿವಾರ ಭಾನುವಾರ ಮನೇಲೇ ಇದ್ರು. ನಂಗೆ ಅಡಿಕೆ ಕೆಲಸಕ್ಕೆ ಜನ ಸಿಕ್ಕ ಹಾಗಾಯ್ತು." ಅದು ತಮಾಷೆನಾ ಅಲ್ವಾ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ.

ಎರಡನೇ ಫೋಟೋ ಅವರ ಬೆಳಗ್ಗೆ ನಾಲ್ಕೂಮುಕ್ಕಾಲರದ್ದು. ಕತ್ತಲೆ ಕಾಣ್ತಿದೆ ಅಷ್ಟೇ, ಕ್ಷಮಿಸಿ. ನಾವು ರೀಲ್ಸಲ್ಲಿ ನೋಡೋ ಗೈಡ್ ಬದುಕು ಬೆಟ್ಟದ ಮೇಲೆ ಶುರುವಾಗಿ ಬೆಟ್ಟದ ಮೇಲೆ ಮುಗಿಯುತ್ತೆ. ಇವರದು ಕೊಟ್ಟಿಗೆಯಲ್ಲಿ ಶುರುವಾಗುತ್ತೆ. ಹಾಲು ಕರೆದು, ಡೈರಿಗೆ ಕಳಿಸಿ, ಒಂದು ಲೋಟ ಕಾಪಿ ಕುಡಿದು ಆರಕ್ಕೆ ಜೀಪ್ ಹತ್ತಬೇಕು. ಗುಂಪು ಬಂದ ಮೇಲೆ ಗುರುತಿನ ಚೀಟಿ, ಬ್ಯಾಗ್ ತಪಾಸಣೆ, ಪ್ಲಾಸ್ಟಿಕ್ ಲೆಕ್ಕ. ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಸಣ್ಣ ಗಂಟು. ಆಮೇಲೆ ಹೋಗಿ ಬರೋದು ಸೇರಿ ಹೆಚ್ಚು ಕಮ್ಮಿ ಇಪ್ಪತ್ತು ಕಿಲೋಮೀಟರ್ ನಡಿಗೆ. ನಾವು ಜೀವಮಾನದಲ್ಲಿ ಒಂದು ಸಲ ಹತ್ತಿ ಸ್ಟೇಟಸ್ ಹಾಕೋ ಬೆಟ್ಟವನ್ನ ಅವರು ಸೀಸನ್‌ನಲ್ಲಿ ವಾರಕ್ಕೆ ಮೂರ್ನಾಲ್ಕು ಸಲ ಹತ್ತಿ ಇಳೀತಾರೆ. ಇಳಿದು ಬಂದು ಹುಲ್ಲು ತರೋಕೆ ಹೋಗ್ತಾರೆ.

ನಡೀತಾ ಅವರು ನೋಡೋದು ಬೆಟ್ಟವನ್ನಲ್ಲ, ನಮ್ಮನ್ನ. ಇದನ್ನ ನಾನು ಎರಡನೇ ಸಲ ಹೋದಾಗ ಗಮನಿಸಿದೆ. ಯಾರು ನೀರು ಕುಡೀತಿಲ್ಲ, ಯಾರ ಶೂ ಹೊಸದು, ಯಾರು ಮಾತು ನಿಲ್ಲಿಸಿದ್ರು. "ಜೋರಾಗಿ ಮಾತಾಡ್ತಿದ್ದೋರು ಇದ್ದಕ್ಕಿದ್ದ ಹಾಗೆ ಸುಮ್ನಾದ್ರೆ ಹೋಗಿ ಕೇಳಬೇಕು" ಅಂದ್ರು. ಹಾಗೇ ಒಂದು ಕಡೆ ನಿಂತು ಕೈ ಅಡ್ಡ ಹಿಡಿದು ನಮ್ಮನ್ನ ನಿಲ್ಲಿಸಿದ್ರು. ನಂಗೆ ಏನೂ ಕಾಣಲಿಲ್ಲ. ಎರಡು ನಿಮಿಷ ಆದ ಮೇಲೆ ಸೊಲ್ಲೆತ್ತದೆ ಒಂದು ಕಾಟಿ ಶೋಲಾ ಕಾಡಿನ ಅಂಚಿಂದ ಹುಲ್ಲಿಗೆ ಇಳೀತು. ಅಷ್ಟು ದೊಡ್ಡ ಪ್ರಾಣಿ, ಅಷ್ಟು ಕಡಿಮೆ ಸದ್ದು.

4/7

ಈಗ ಇನ್ನೊಂದು ಕಡೆಯವರ ಜೊತೆ ಜಗಳ. "ಪಾಪ, ಹಳ್ಳಿಯ ಮುಗ್ಧ ಜನ, ಅವರಿಗೆ ಟೆಕ್ನಾಲಜಿ ಎಲ್ಲ ಗೊತ್ತಿಲ್ಲ, ಬರೀ ಅನುಭವ" ಅಂತ ಹೊಗಳೋರು ಇದೀರಲ್ಲ, ನೀವು. ಆ್ಯಪ್ ಸಾಕು ಅನ್ನೋರಿಗಿಂತ ನಿಮ್ಮ ಮೇಲೇ ನಂಗೆ ಜಾಸ್ತಿ ಕೋಪ.

ಅಣ್ಣನ ಮೊಬೈಲ್ ನೋಡಬೇಕು ನೀವು. ಗಾಜು ಒಡೆದಿದೆ, ಒಳಗೆ ನಾಲ್ಕು ಮ್ಯಾಪ್ ಆ್ಯಪ್ ಇದಾವೆ, ಎಲ್ಲ ಆಫ್‌ಲೈನ್ ಡೌನ್‌ಲೋಡ್ ಆಗಿ. ಏರೋಪ್ಲೇನ್ ಮೋಡಲ್ಲಿ ಹಾಕಿದ್ರೂ ಜಿಪಿಎಸ್ ಕೆಲಸ ಮಾಡುತ್ತೆ, ಯಾಕಂದ್ರೆ ಮೊಬೈಲ್ ಉಪಗ್ರಹದ ಸಿಗ್ನಲ್ ಕೇಳಿಸ್ಕೊಳ್ಳುತ್ತೆ ಅಷ್ಟೇ, ತಿರುಗಿ ಏನೂ ಕಳಿಸಲ್ಲ. ಇದು ನಮ್ಮ ಹನ್ನೆರಡು ಜನರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನಂಗೆ ಗೊತ್ತಿರಲಿಲ್ಲ. ಟವರ್ ಹುಡುಕಿ ಹುಡುಕಿ ಮಧ್ಯಾಹ್ನಕ್ಕೆ ನನ್ನ ಬ್ಯಾಟರಿ ಸತ್ತಿತ್ತು.

ಮ್ಯಾಪಲ್ಲಿ ಏರಿಳಿತ ತೋರಿಸೋ ಗೆರೆಗಳು ಎಲ್ಲಿಂದ ಬಂದವು ಅಂತ ಅವರು ಒಂದು ಮಳೆಗಾಲ ಪೂರ್ತಿ ಕೂತು ಹುಡುಕಿದಾರೆ. ಬಹಳಷ್ಟು ಉಚಿತ ಆ್ಯಪ್‌ಗಳಲ್ಲಿ ಅವು 2000ನೇ ಇಸವಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರಡಾರ್‌ನಿಂದ ಅಳೆದ ಲೆಕ್ಕದಿಂದ ಬಂದದ್ದು. ಆ ಲೆಕ್ಕದಲ್ಲಿ ಭೂಮಿಯನ್ನ ಸುಮಾರು 30 ಮೀಟರ್‌ನ ಚೌಕಗಳಾಗಿ ಕತ್ತರಿಸಿರ್ತಾರೆ, ಒಂದು ಚೌಕಕ್ಕೆ ಒಂದೇ ಎತ್ತರ. "ನಮ್ಮ ಹಳ್ಳ ಇರೋದೇ ಹತ್ತು ಹೆಜ್ಜೆ ಅಗಲ. ಅದರ ಎರಡು ದಡ, ಮಧ್ಯದ ಗುಂಡಿ ಎಲ್ಲ ಒಂದೇ ಚೌಕದೊಳಗೆ ಮುಗಿದು ಹೋಯ್ತು. ಮ್ಯಾಪಿಗೆ ಅದು ಸಮತಟ್ಟು" ಅಂದ್ರು. ದಟ್ಟ ಕಾಡಲ್ಲಿ, ಕಣಿವೆಯಲ್ಲಿ ಸಿಗ್ನಲ್ ಮರಕ್ಕೆ, ಬಂಡೆಗೆ ತಾಗಿ ಬರೋದರಿಂದ ನೀವಿರೋ ಚುಕ್ಕಿ ಆ ಕಡೆ ಈ ಕಡೆ ಜಿಗಿಯುತ್ತೆ. ಹವಾಮಾನದ ಆ್ಯಪ್ ಹೇಳೋ ಮಳೆ ಕೂಡ ಎಷ್ಟೋ ಚದರ ಕಿಲೋಮೀಟರಿಗೆ ಸೇರಿಸಿ ಹೇಳಿದ್ದು, ಒಂದು ಗುಡ್ಡದ ಈ ಮಗ್ಗುಲಿಗೆ ಬೇರೆ, ಆ ಮಗ್ಗುಲಿಗೆ ಬೇರೆ ಅಂತ ಅದಕ್ಕೆ ಗೊತ್ತಾಗಲ್ಲ.

ಹಾಗಂತ ಅವರು ಆ್ಯಪ್ ಬೈಯೋರಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದಿದೆ, ಯಾರು ಬೇಕಾದ್ರೂ ತಿದ್ದಬಹುದಾದ ಜಗತ್ತಿನ ಮ್ಯಾಪ್, 2004ರಲ್ಲಿ ಶುರುವಾಗಿದ್ದು. ಅದರಲ್ಲಿ ಅವರು ತಮ್ಮ ಊರಿನ ಕಡೆಯ ಹಳ್ಳಗಳಿಗೆ ಹೆಸರು ಸೇರಿಸ್ತಾ ಇದಾರೆ, ಕನ್ನಡದಲ್ಲಿ. ಅಜ್ಜಿಯಿಂದ ಕೇಳಿ ಕೇಳಿ. ಕೆಲವು ಹಳ್ಳದ ಹೆಸರು ಈಗ ಅಜ್ಜಿಗೊಬ್ಬರಿಗೇ ಗೊತ್ತಿರೋದು. ಜೊತೆಗೆ ಒಂದು ನಿಯಮ ಇಟ್ಕೊಂಡಿದಾರೆ: ಇಲಾಖೆ ಬಿಟ್ಟಿರೋ ದಾರಿ ಬಿಟ್ಟು ಬೇರೆ ಕಾಲುದಾರಿ ಒಂದನ್ನೂ ಮ್ಯಾಪಿಗೆ ಹಾಕಲ್ಲ. "ಹಾಕಿದ ಮರುವಾರ ಜನ ಬಂದು ನಿಲ್ತಾರೆ." 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಜನ ಸೇರಿದ ವಿಡಿಯೋ ನಾವೆಲ್ಲ ನೋಡಿದ್ವಲ್ಲ, ಆಮೇಲೆ ತಾನೇ ಇಲಾಖೆ ಚಾರಣಕ್ಕೆಲ್ಲ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ ಅಂತ ಗಟ್ಟಿ ಮಾಡಿದ್ದು. ಯಾವುದನ್ನ ಮ್ಯಾಪಲ್ಲಿ ಬರೀಬಾರದು ಅಂತ ಯೋಚಿಸೋ ಮನುಷ್ಯನನ್ನ ನೀವು ಟೆಕ್ನಾಲಜಿ ಗೊತ್ತಿಲ್ಲದ ಮುಗ್ಧ ಅಂತೀರಿ.

ಅವರ ದೊಡ್ಡ ಆಸೆ ಏನು ಗೊತ್ತಾ? ಟವರ್ ಸಿಗದ ಜಾಗದಿಂದ ಒಂದೇ ಒಂದು ಸಾಲಿನ ಮೆಸೇಜ್ ಕಳಿಸೋ ಯಂತ್ರ. ಬೇರೆ ದೇಶಗಳಲ್ಲಿ ಚಾರಣಿಗರು ಉಪಗ್ರಹದ ಮೂಲಕ ಹಾಗೆ ಕಳಿಸ್ತಾರೆ. ನಮ್ಮಲ್ಲಿ ಅಂಥ ಯಂತ್ರವನ್ನ ಸರ್ಕಾರದ ಪರವಾನಗಿ ಇಲ್ಲದೆ ಇಟ್ಕೊಂಡ್ರೆ ಕೇಸಾಗುತ್ತೆ. ಯಾಕೆ ಅಂತ ಅರ್ಥ ಆಗುತ್ತೆ, ಭದ್ರತೆಯ ವಿಷಯ. ಆದ್ರೆ 112ಕ್ಕೆ ಹೊಡೆಯೋಕೂ ಯಾವುದಾದ್ರೂ ಒಂದು ಕಂಪನಿಯ ಟವರ್ ಆದ್ರೂ ಬೇಕಲ್ಲ. ಕಾಲು ಮುರಿದೋರನ್ನ ಕಂಬಳಿಯಲ್ಲಿ ಹೊತ್ತು ತರಬೇಕಾದ ಕಡೆ, ಸುದ್ದಿ ಮುಟ್ಟಿಸೋಕೂ ಒಬ್ಬರು ಓಡಿಯೇ ಹೋಗಬೇಕು.

5/7

ಮೂರನೇ ಫೋಟೋ ನನ್ನ ಫೇವರಿಟ್. ಅಟ್ಟದ ಮೇಲಿನ ಒಂದು ಹಲಗೆ, ಅದರ ಮೇಲೆ ಪುಸ್ತಕಗಳು, ಎಲ್ಲಕ್ಕೂ ಹಳೇ ಕ್ಯಾಲೆಂಡರಿನ ರಟ್ಟು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ ಅಂತ ಒಲೆಯ ಬಿಸಿ ತಾಗೋ ಜಾಗದಲ್ಲೇ ಇಟ್ಟಿದಾರೆ. ಕೆಲವು ಪಂಚಾಯ್ತಿ ಲೈಬ್ರರಿದು, ವಾಪಸ್ ಕೊಡೋ ತಾರೀಕು ದಾಟಿದೆ (ಹೇಳ್ಬೇಡಿ ಅಂದಿದಾರೆ).

ಜಾಸ್ತಿ ತೇಜಸ್ವಿ. ಕಳಸ ಮೊನ್ನೆ ಮೊನ್ನೆವರೆಗೂ ಮೂಡಿಗೆರೆ ತಾಲ್ಲೂಕಲ್ಲೇ ಇತ್ತು, ಆದ್ದರಿಂದ ಅವರು "ನಮ್ಮ ತಾಲ್ಲೂಕಿನ ಸಾಹಿತಿ" ಅಂತ ಹಕ್ಕಿಂದ ಹೇಳ್ತಾರೆ. ಕಾಡು, ಮೀನು, ಕ್ಯಾಮೆರಾ, ಜೊತೆಗೆ ಕಂಪ್ಯೂಟರಲ್ಲಿ ಕನ್ನಡ ಬರಲೇಬೇಕು ಅನ್ನೋ ಹಠ, ಇವೆಲ್ಲ ಒಬ್ಬರೊಳಗೇ ಇರಬಹುದು ಅಂತ ಅವರಿಗೆ ತೋರಿಸಿದ್ದು ತೇಜಸ್ವಿಯವರಂತೆ. "ಮೊಬೈಲ್ ನೋಡ್ತಾ ಕೂತ್ರೆ ಅಪ್ಪ ಬೈತಿದ್ರು. ನಾನು ತೇಜಸ್ವಿ ಹೆಸರು ಹೇಳಿ ತಪ್ಪಿಸ್ಕೊಳ್ತಿದ್ದೆ."

'ಕರ್ವಾಲೊ' ನಾನು ಪಿಯುಸಿ ರಜೆಯಲ್ಲಿ ಓದಿದ್ದೆ. ಹಾರುವ ಓತಿಯ ಕತೆ ಅಂತಲೇ ನೆನಪಿತ್ತು. ಅಣ್ಣ ಓದಿದ್ದು ಬೇರೆ ಥರ. ಅವರಿಗೆ ಅದು ಮಂದಣ್ಣನ ಕತೆ. ಊರವರೆಲ್ಲ ಕೆಲಸಕ್ಕೆ ಬಾರದೋನು ಅಂದ್ಕೊಂಡಿರೋ ಮಂದಣ್ಣನನ್ನ ದೊಡ್ಡ ವಿಜ್ಞಾನಿ ಕರ್ವಾಲೊ ಸಮಾನರ ಥರ ನೋಡ್ತಾರೆ, ಯಾಕಂದ್ರೆ ಆತ ಕಾಡಲ್ಲಿ ಕಂಡದ್ದು ಇನ್ಯಾರೂ ಕಂಡಿಲ್ಲ. "ಬರೋ ಗುಂಪಲ್ಲಿ ಕರ್ವಾಲೊ ಥರದೋರು ಒಬ್ಬರಾದ್ರೂ ಇದ್ರೆ ದಿನ ಚೆನ್ನಾಗಿರುತ್ತೆ. ಉಳಿದೋರಿಗೆ ನಾನು ಬ್ಯಾಗ್ ಹೊರೋನು" ಅಂದ್ರು. ನಾನು ಒಲೆ ಕಡೆ ನೋಡ್ತಾ ಕೂತೆ.

ಕಾರಂತರ 'ಬೆಟ್ಟದ ಜೀವ'ವೂ ಇತ್ತು. ಅದು ಶುರುವಾಗೋದೇ ಸುಬ್ರಹ್ಮಣ್ಯದ ಕಡೆ ಕಾಡಲ್ಲಿ ದಾರಿ ತಪ್ಪಿದ ಒಬ್ಬನಿಂದ. ಅಲ್ಲಿನ ಇಬ್ಬರು ಸಿಕ್ಕಿ ಅವನನ್ನ ಗೋಪಾಲಯ್ಯನವರ ಮನೆ ಮುಟ್ಟಿಸ್ತಾರೆ. ಆ ಇಬ್ಬರ ಹೆಸರು ಕೇಳಿದ್ರು ಅಣ್ಣ ನನ್ನ, ಪರೀಕ್ಷೆ ಥರ. ಗೋಪಾಲಯ್ಯ ನೆನಪಿತ್ತು, ಶಂಕರಮ್ಮ ನೆನಪಿತ್ತು. ಅವರಿಬ್ಬರು ನೆನಪಾಗಲಿಲ್ಲ. "ದೇರಣ್ಣ, ಬಟ್ಯ. ದಾರಿ ತೋರಿಸಿದೋರ ಹೆಸರು ಯಾರಿಗೂ ನೆನಪಿರಲ್ಲ ನೋಡಿ" ಅಂತ ನಕ್ಕರು. ನಿಜ ಹೇಳ್ತೀನಿ, ಅಷ್ಟೊತ್ತಿಗೆ ನಾನು ಅವರ ಹೆಸರನ್ನೂ ಮೊಬೈಲಲ್ಲಿ "ಕುದುರೆಮುಖ ಗೈಡ್" ಅಂತಲೇ ಸೇವ್ ಮಾಡಿದ್ದೆ. ಅದನ್ನ ಆ ರಾತ್ರಿಯೇ ಬದಲಾಯಿಸಿದೆ. (ಇಲ್ಲಿ ಹೆಸರು ಹಾಕದೆ ಇರೋದು ಅವರೇ ಬೇಡ ಅಂದದ್ದಕ್ಕೆ.)

ಓದೋದಕ್ಕೂ ಕೆಲಸಕ್ಕೂ ಏನು ಸಂಬಂಧ ಅಂತ ಕೇಳಬಹುದು. ಮಾರನೇ ದಿನ ನಡೀತಾ ಯಾವುದೋ ಹಕ್ಕಿ ಮನುಷ್ಯರ ಥರಾನೇ ಶಿಳ್ಳೆ ಹಾಕ್ತು. ನನ್ನ ಫ್ರೆಂಡ್ ಆ್ಯಪ್ ತೆಗೆದ್ಲು, ವಿಸ್ಲಿಂಗ್ ಥ್ರಷ್ ಅಂತ ಬಂತು. ಅಣ್ಣ ತಲೆ ಆಡಿಸಿ, ಅದು ಹಳ್ಳದ ಪಕ್ಕದ ಬಂಡೆಯಲ್ಲೇ ಯಾಕೆ ಇರುತ್ತೆ, ಮಳೆ ಶುರುವಾಗೋ ಮುಂಚೆ ಯಾಕೆ ಜಾಸ್ತಿ ಹಾಡುತ್ತೆ, ಇಲ್ಲಿ ಹುಲ್ಲುಗಾವಲು, ಅದರ ಮಡಿಲಲ್ಲಿ ಕಾಡು, ಎರಡೂ ಇದ್ರೆ ಮಾತ್ರ ನೀರು ಹೇಗೆ ನಿಲ್ಲುತ್ತೆ, ಈ ಗುಡ್ಡಗಳ ಸಾಲಲ್ಲೇ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹೇಗೆ ಹುಟ್ಟುತ್ತವೆ, 2005ರ ಕೊನೆಗೆ ಗಣಿ ನಿಂತಾಗ ಅವರ ಅಪ್ಪನ ಜೊತೆಯವರು ಯಾವ ಯಾವ ಊರಿಗೆ ಕೆಲಸ ಹುಡುಕಿ ಹೋದ್ರು, ಎಲ್ಲ ಒಂದೇ ಉಸಿರಲ್ಲಿ. ಹಕ್ಕಿಯ ಹೆಸರಿಂದ ಶುರುವಾಗಿ ಗಣಿವರೆಗೆ ಬಂದದ್ದು ಗೊತ್ತೇ ಆಗಲಿಲ್ಲ, ಏರು ಮುಗಿದಿತ್ತು.

6/7

ಈಗ ನನ್ನ ಸಬ್ಜೆಕ್ಟ್. ಬೋರ್ ಆದ್ರೆ ಮುಂದಿನದಕ್ಕೆ ಹೋಗಿ, ಬೇಜಾರಿಲ್ಲ.

ಅಕೌಂಟೆನ್ಸಿಯಲ್ಲಿ ಪ್ರೂಡೆನ್ಸ್ ಅಂತ ಒಂದು ತತ್ವ ಇದೆ. ಮೊದಲ ಸೆಮಿಸ್ಟರಲ್ಲೇ ಹೇಳಿಕೊಡ್ತಾರೆ. ಬರಬಹುದಾದ ಲಾಭವನ್ನ ಬರೋವರೆಗೂ ಲೆಕ್ಕಕ್ಕೆ ತಗೋಬೇಡ, ಆಗಬಹುದಾದ ನಷ್ಟಕ್ಕೆ ಈಗಲೇ ಜಾಗ ತೆಗೆದಿಡು ಅಂತ ಅದರ ಅರ್ಥ. ವರ್ಷದ ಕೊನೆಗೆ ಉಳಿದ ಸರಕಿಗೆ, ಕೊಂಡ ಬೆಲೆ, ಮಾರಿದ್ರೆ ಸಿಗೋ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನೇ ಹಾಕೋದು ಇದೇ ಕಾರಣಕ್ಕೆ. ವಸೂಲಾಗದ ಸಾಲಕ್ಕೆ ಮೊದಲೇ ಮೊತ್ತ ಎತ್ತಿಡೋದೂ ಇದಕ್ಕೇ. ಸಾಲ ವಸೂಲಾಗಿಬಿಟ್ರೆ "ಥೂ, ಅಕೌಂಟೆಂಟ್ ಸುಮ್ಮನೆ ಹೆದರಿದ" ಅಂತ ಯಾರಾದ್ರೂ ಬೈತಾರಾ? ಇಲ್ಲ. ಅಣ್ಣ ಹಳ್ಳದ ಹತ್ರ ಮಾಡಿದ್ದು ಇದನ್ನೇ. ನಾನು ಈ ತತ್ವದ ಮೇಲೆ ಹತ್ತು ಮಾರ್ಕಿನ ಪ್ರಶ್ನೆಗೆ ಒಂಬತ್ತು ತಗೊಂಡವಳು, ಅವರಿಗೆ ಐದಕ್ಕೆ ಎರಡು ಕೊಟ್ಟೆ.

ದುಡ್ಡಿನ ಲೆಕ್ಕವೂ ಕೇಳಿ. ನಾವು ಹನ್ನೆರಡು ಜನ ಕೊಟ್ಟದ್ದು ಒಟ್ಟು 46,800. ಅದರಲ್ಲಿ ಟಿಟಿ, ಜೀಪ್, ಊಟ, ಉಳಿಯೋದು, ಇಲಾಖೆಯ ಶುಲ್ಕ, ಕಂಪನಿಯ ಪಾಲು ಎಲ್ಲ ಇದೆ, ಎಲ್ಲರಿಗೂ ಖರ್ಚಿದೆ, ಒಪ್ತೀನಿ. ಅಣ್ಣನಿಗೆ ಆ ದಿನಕ್ಕೆ ಸಿಕ್ಕಿದ್ದೆಷ್ಟು ಅಂತ ಅವರು ಹೇಳಿದ್ರು, ಬರೀಬೇಡಿ ಅಂದ್ರು. ನನ್ನ ಶೂ ಬೆಲೆಗಿಂತ ಕಮ್ಮಿ ಅಂತ ಮಾತ್ರ ಬರೀತೀನಿ, ಶೂ ಆಫರಲ್ಲಿ ತಗೊಂಡದ್ದು. ಅದು ತಿಂಗಳ ಸಂಬಳವೂ ಅಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ಮುಚ್ತಾರೆ, ಜೋರು ಮಳೆಯಲ್ಲಿ ನಿಲ್ಲಿಸ್ತಾರೆ. ಉಳಿದ ತಿಂಗಳಲ್ಲಿ, ಅದೂ ಶನಿವಾರ ಭಾನುವಾರ, ವರ್ಷದ್ದು ದುಡೀಬೇಕು. ಅಂಥ ಎರಡು ತಿಂಗಳ ವಾರಾಂತ್ಯ ನನ್ನ ಒಂದು ಸಾಲಿಂದ ಹೋಯ್ತು.

ಸರಿ, ಎರಡು ಸ್ಟಾರ್ ಕೊಟ್ಟೆ ಅಂತಲೇ ಇಟ್ಕೊಳ್ಳಿ. ಅದರಿಂದ ಮುಂದಿನ ಗೈಡ್ ಕಲಿಯೋದೇನು? ಹಳ್ಳ ಕೆಂಪಾದ್ರೂ ದಾಟಿಸು, ಸ್ಟಾರ್ ಬರುತ್ತೆ ಅಂತ. ಅಣ್ಣನ ಜಾಗಕ್ಕೆ ಬಂದವರು ಇನ್ನೂ ಚಿಕ್ಕ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಅಣ್ಣನೇ ಕೆಲಸ ಕಲಿಸಿದ ಹುಡುಗ. ಅವನಿಗೆ ಈ ಕತೆ ಪೂರ್ತಿ ಗೊತ್ತು. ಅವನು ಈಗ ಹಳ್ಳದ ಹತ್ರ ನಿಂತಾಗ ನೀರನ್ನ ನೋಡ್ತಾನಾ, ಗುಂಪಿನವರ ಮುಖ ನೋಡ್ತಾನಾ? ಇದನ್ನ ಯೋಚಿಸಿದ್ರೆ ನಂಗೆ ರಾತ್ರಿ ಸರಿಯಾಗಿ ನಿದ್ದೆ ಬರಲ್ಲ. ಉತ್ಪ್ರೇಕ್ಷೆ ಅಲ್ಲ ಇದು. ಮುಂದಿನ ಸೆಪ್ಟೆಂಬರಲ್ಲಿ ಅವನ ಹಿಂದೆ ನಡೆಯೋರು ನೀವೇ ಇರಬಹುದು.

7/7

ನನ್ನ ರಿವ್ಯೂ ತಿದ್ದೋಣ ಅಂತ ಹೋದೆ. ಫಾರ್ಮಿನ ಲಿಂಕ್ ಮುಗಿದು ಹೋಗಿದೆ. ಕಂಪನಿಗೆ ಮೇಲ್ ಹಾಕಿದೆ, ನಿಮ್ಮ ಅನಿಸಿಕೆಗೆ ಧನ್ಯವಾದ ಅಂತ ಯಂತ್ರದ ಉತ್ತರ ಬಂತು. ಎರಡನೇ ಸಲ ಹಾಕಿದೆ. ಮೂರನೇ ಸಲ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗಿ ಒಳ್ಳೆಯವಳು, ನನ್ನದೇ ವಯಸ್ಸಿರಬೇಕು, ಪೂರ್ತಿ ಕೇಳಿಸ್ಕೊಂಡ್ಲು. "ಫಾರ್ಮ್ ನಾನು ಮಾಡಿದ್ದಲ್ಲ ಮೇಡಂ, ಆದ್ರೆ ಹೇಳ್ತೀನಿ" ಅಂದ್ಲು. ಹೇಳಿದಾಳೋ ಇಲ್ವೋ ಗೊತ್ತಿಲ್ಲ.

ಅದಕ್ಕೇ ಇಲ್ಲಿ ಬರೀತಿದೀನಿ. ನಂಗೆ ಬೇಕಾಗಿರೋದು ಎರಡೇ. ಆ ಫಾರ್ಮಿಂದ "ತುದಿ ತಲುಪಿದಿರಾ" ಅನ್ನೋ ಪ್ರಶ್ನೆ ತೆಗೀಲಿ, ಅಥವಾ ಅದರ ಪಕ್ಕದಲ್ಲಿ "ವಾಪಸ್ ಬಂದಿದ್ರೆ ಗೈಡ್ ಕಾರಣ ಹೇಳಿದರಾ" ಅಂತ ಇನ್ನೊಂದು ಹಾಕಲಿ. ಮತ್ತೆ, ಅರ್ಧ ದಾರಿಯಿಂದ ತಿರುಗಿ ಬಂದ ದಿನಕ್ಕೂ ಗೈಡ್‌ಗೆ ಪೂರ್ತಿ ಕೂಲಿ, ಮುಂದಿನ ವಾರದ ಕೆಲಸ ಎರಡೂ ಉಳೀಬೇಕು. ಇದು ಕಂಪನಿಯವರು ಬರೆದು ಕೊಡಬೇಕಾದ ಮಾತು. ನೀವು ಬುಕ್ ಮಾಡೋ ಮುಂಚೆ ಫೋನಲ್ಲಿ ಕೇಳಿ: ಗೈಡ್ ಬೇಡ ಅಂದ್ರೆ ಯಾರ ಮಾತು ನಡೆಯುತ್ತೆ? ತಡವರಿಸಿದ್ರೆ ಬೇರೆಯವರ ಹತ್ರ ಹೋಗಿ. ಹತ್ತು ಜನ ಕೇಳಿದ್ರೆ ಸಾಕು, ಹನ್ನೊಂದನೆಯವರಿಗೆ ಉತ್ತರ ರೆಡಿ ಇರುತ್ತೆ. ಗ್ರಾಹಕರು ಕೇಳಿದ್ದನ್ನ ವ್ಯಾಪಾರದವರು ಮಾಡಿಯೇ ಮಾಡ್ತಾರೆ, ಇಷ್ಟು ಮೂರು ವರ್ಷ ಬಿ.ಕಾಂ ಓದಿ ನಂಗೆ ಗೊತ್ತು.

ಅಣ್ಣನ ಹತ್ರ ಈ ಕ್ಯಾಪ್ಷನ್ ಎಲ್ಲ ಓದಿಸಿಯೇ ಹಾಕ್ತಿರೋದು. ಎರಡು ಕಡೆ ತಿದ್ದಿದಾರೆ. ನಾನು ಕೋಲು ನಾಲ್ಕು ಬೆರಳು ಮುಳುಗಿತ್ತು ಅಂತ ಬರೆದಿದ್ದೆ, "ಎರಡೇ ಬೆರಳು, ಜಾಸ್ತಿ ಮಾಡಬೇಡಿ" ಅಂದ್ರು. ಇನ್ನೊಂದು, ಅವರನ್ನ ನಾನು ದೇವರ ಥರ ಅಂತ ಬರೆದಿದ್ದ ಸಾಲು. ಅದನ್ನ ಪೂರ್ತಿ ಹೊಡೆದು ಹಾಕಿದಾರೆ.

ಕೊನೇ ಫೋಟೋ ನಾನು ತೆಗೆದದ್ದಲ್ಲ. ಹೋದ ವಾರ ಅವರು ವಾಟ್ಸಾಪಲ್ಲಿ ಕಳಿಸಿದ್ದು. ಅದೇ ಹಳ್ಳ, ಅದೇ ಎರಡು ಬಂಡೆ, ಈಗ ಒಂದೇ ಕಾಣ್ತಿದೆ. ದಡದಲ್ಲಿ ರೇನ್‌ಕೋಟ್ ಹಾಕ್ಕೊಂಡ ಏಳೆಂಟು ಜನ ಮುಖ ಊದಿಸ್ಕೊಂಡು ನಿಂತಿದಾರೆ. ಕೆಳಗೆ ಅಣ್ಣ ಬರೆದಿದ್ದು: "ಇವತ್ತೂ ವಾಪಸ್. ಇವರಲ್ಲಿ ಯಾರೂ ಬಿ.ಕಾಂ ಇಲ್ಲ ಅಂತೆ, ಕೇಳಿದೆ."